ಶಾಲೆಗೆ ಎರಡೇ ಗುರಿ ಸಾಕು



ಪ್ರಾಥಮಿಕ ಶಾಲೆಯೊಂದು ವರ್ಷದ ಆರಂಭದಲ್ಲಿ ತನ್ನ ಮುಂದೆ ಎಂಥ ಗುರಿ ಇಟ್ಟುಕೊಳ್ಳಬೇಕು? ಎಷ್ಟು ಗುರಿ ಇಟ್ಟುಕೊಳ್ಳಬೇಕು? ಅದನ್ನು ಯಾರು ಗೊತ್ತುಮಾಡಬೇಕು? ನಮಗಿರುವ ಕಾಲು ಗಂಟೆಯಲ್ಲಿ ಈ ಒಂದೇ ವಿಷಯ ಮಾತಾಡೋಣ.

ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಶಾಲೆಗೆ ಒಂದು ವರ್ಷಕ್ಕೆ ಎರಡೇ ಗುರಿ ಸಾಕು. ಒಂದು ಕಲಿಕೆಯದು. ಇನ್ನೊಂದು ಶಾಲೆಯ ವಾತಾವರಣದ್ದು. ಎರಡನ್ನೂ ಒಂದೇ ಸಭೆಯಲ್ಲಿ ಕುಳಿತು ಒಂದೇ ಹಾಳೆಯ ಮೇಲೆ ಬರೆಯಬೇಕು.

ಊರು ಯಾವುದಾದರೂ ಆಗಬಹುದು. ಇವತ್ತು ನಾನು ಇಂಗಳೇಶ್ವರವನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೇನೆ. ವಿಜಯಪುರ ಜಿಲ್ಲೆ, ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಬಸವಣ್ಣನವರ ತಾಯಿ ಮಾದಲಾಂಬಿಕೆಯವರ ತವರು ಎಂದು ಜನ ನಂಬಿಕೊಂಡು ಬಂದ ನೆಲ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ಶಿಲಾಮಂಟಪ ಇರುವ ಊರು. ಈ ಸೀಮೆಯ ಹೊಲಗಳಲ್ಲಿ ಜೋಳ, ತೊಗರಿ, ಕಡಲೆ. ಅಲ್ಲಲ್ಲಿ ಲಂಬಾಣಿ ತಾಂಡಾಗಳು. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೊರಡುವ ಮನೆಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ಕುಳಿತು ಕೇಳುತ್ತಿರುವವರಿಗೂ ಇದು ಗೊತ್ತಿರುವ ಸಂಗತಿಯೇ.

ಮೊದಲು, ಗುರಿ ಗೊತ್ತುಮಾಡುವ ಹಕ್ಕು ಯಾರದು ಅನ್ನುವುದನ್ನು ನೋಡೋಣ.

ಕರ್ನಾಟಕದಲ್ಲಿ 2001ರಲ್ಲಿಯೇ ಸರ್ಕಾರಿ ಶಾಲೆಗಳಿಗೆ ಊರವರ ಸಮಿತಿ ಬಂತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂದು ಅದರ ಹೆಸರು. ನಾವೆಲ್ಲ ಎಸ್‌ಡಿಎಂಸಿ ಅನ್ನುತ್ತೇವೆ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಇದಕ್ಕೆ ದಾರಿ ಮಾಡಿತ್ತು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು ಎಂದು ಅದರ 22ನೆಯ ಕಲಂ ಹೇಳುತ್ತದೆ.

ಅಂದರೆ ತಾಯಂದಿರೇ, ತಂದೆಯರೇ, ಗುರಿ ಗೊತ್ತುಮಾಡುವ ಪೆನ್ನನ್ನು ಕಾನೂನು ನಿಮ್ಮ ಕೈಗೆ ಕೊಟ್ಟಿದೆ.

ಆದರೆ ಇಲ್ಲೊಂದು ತೊಡಕಿದೆ. ಈ ಯೋಜನೆಯಲ್ಲಿ ಏನೇನಿರಬೇಕು? ಕಾಯ್ದೆಯ ಜೊತೆ ಕೇಂದ್ರ ಸರ್ಕಾರ ಕೊಟ್ಟ ಮಾದರಿ ನಿಯಮಗಳು ಮುಖ್ಯವಾಗಿ ನಾಲ್ಕು ಲೆಕ್ಕ ಕೇಳುತ್ತವೆ. ಯಾವ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ? ಎಷ್ಟು ಶಿಕ್ಷಕರು ಬೇಕು? ಕಟ್ಟಡ, ಸಾಮಗ್ರಿ ಏನು ಬೇಕು? ಹಣ ಎಷ್ಟು ಬೇಕು? ನಾಲ್ಕೂ ಬೇಕಾದವೇ. ಕೋಣೆ ಸೋರುತ್ತಿದ್ದರೆ ಪಾಠ ನಡೆಯುವುದಿಲ್ಲ. ಆದರೆ ಈ ನಾಲ್ಕನ್ನು ತುಂಬಿಸುವಷ್ಟರಲ್ಲಿ ಸಭೆಯ ಹೊತ್ತು ಮುಗಿಯುತ್ತದೆ. ಕಂಪೌಂಡ್ ಗೋಡೆ, ಶೌಚಾಲಯ, ಬಣ್ಣ, ಇವುಗಳ ಬಗ್ಗೆ ಮಾತಾಗುತ್ತದೆ. ಮೂರನೆಯ ತರಗತಿಯ ಮಕ್ಕಳಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ ಎಂದು ಕೇಳುವವರಿರುವುದಿಲ್ಲ. ಶಾಲೆಗೆ ಬರಲು ಯಾವ ಮಗು ಹೆದರುತ್ತಿದೆ ಎಂದು ಕೇಳುವವರೂ ಇರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗುರಿ ಇಡುವ ಅಧಿಕಾರ ಊರಿಗಿದೆ. ಆ ಯೋಜನೆಯಲ್ಲಿ ಕಲಿಕೆಗೂ ವಾತಾವರಣಕ್ಕೂ ಜಾಗ ಮಾಡಿಕೊಡಬೇಕಾದವರು ನಾವೇ. ಈಗ ಒಂದು ಪ್ರಶ್ನೆ. ಈ ಎರಡನ್ನೂ ಒಟ್ಟಿಗೆ ಗುರಿಯಾಗಿಟ್ಟು ನಡೆಸಿದ ಶಾಲೆ ಎಲ್ಲಾದರೂ ಇದೆಯೇ?

ಇದೆ. ದೂರದ ಅಮೆರಿಕದ ಮಾತು. ಅಲ್ಲಿ ನ್ಯೂ ಹೇವನ್ ಎಂಬ ನಗರ. ಜೇಮ್ಸ್ ಕೋಮರ್ ಎಂಬ ವೈದ್ಯರು ಅಲ್ಲಿನ ಯೇಲ್ ವಿಶ್ವವಿದ್ಯಾಲಯದಲ್ಲಿದ್ದರು. ಮಕ್ಕಳ ಮನೋವೈದ್ಯರು. ಅವರು ಮತ್ತು ಅವರ ಸಂಗಡಿಗರು 1968ರಲ್ಲಿ ಎರಡು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡರು. ಬಡ ಕಪ್ಪು ಕುಟುಂಬಗಳ ಮಕ್ಕಳೇ ಹೆಚ್ಚಾಗಿದ್ದ ಶಾಲೆಗಳು. ಕಲಿಕೆಯಲ್ಲಿ ನಗರದಲ್ಲೇ ತೀರ ಹಿಂದೆ. ಹಾಜರಿಯೂ ಕಡಿಮೆ. ಶಿಕ್ಷಕರಿಗೆ ಪಾಲಕರ ಮೇಲೆ ಸಿಟ್ಟು, ಪಾಲಕರಿಗೆ ಶಿಕ್ಷಕರ ಮೇಲೆ ಅಪನಂಬಿಕೆ.

ಕೋಮರ್ ಮಾಡಿದ್ದೇನು? ಮುಖ್ಯಶಿಕ್ಷಕರು, ಶಿಕ್ಷಕರು, ಪಾಲಕರು, ಶಾಲೆಯ ಉಳಿದ ಸಿಬ್ಬಂದಿ, ಎಲ್ಲರನ್ನೂ ಒಂದು ತಂಡವಾಗಿ ಕೂಡಿಸಿದರು. ಆ ತಂಡ ಶಾಲೆಗೆ ಒಂದು ಯೋಜನೆ ಬರೆಯಿತು. ಅದರಲ್ಲಿ ಕಲಿಕೆಯ ಗುರಿಯೂ ಇತ್ತು, ಶಾಲೆಯ ವಾತಾವರಣದ ಗುರಿಯೂ ಇತ್ತು. ಸಭೆಗೆ ಒಂದು ಕಟ್ಟುಪಾಡು ಇತ್ತು. ತಪ್ಪು ಯಾರದು ಎಂದು ಹುಡುಕುವಂತಿಲ್ಲ. ಮುಂದೆ ಏನು ಮಾಡೋಣ ಎಂದಷ್ಟೇ ಮಾತಾಡಬೇಕು. ಫಲ ಒಂದೆರಡು ವರ್ಷಕ್ಕೆ ಬರಲಿಲ್ಲ. ಸುಮಾರು ಹದಿನೈದು ವರ್ಷ ಹಿಡಿಯಿತು. 1980ರ ದಶಕದ ಹೊತ್ತಿಗೆ ಈ ರೀತಿ ನಡೆದ ಶಾಲೆಗಳು ನಗರದ ಮೇಲಿನ ಸಾಲಿಗೆ ಬಂದವು.

ಕೇಳುಗರೇ, ಆ ತಂಡಕ್ಕೂ ನಮ್ಮ ಎಸ್‌ಡಿಎಂಸಿಗೂ ಹೆಚ್ಚು ಅಂತರವಿಲ್ಲ. ಅಲ್ಲಿ ಕೂತವರೂ ಇಂಥ ಪಾಲಕರೇ, ಇಂಥ ಶಿಕ್ಷಕರೇ. ಅವರು ಸಭೆಯಲ್ಲಿ ಏನು ಮಾತಾಡಿದರು ಅನ್ನುವುದೇ ಮುಖ್ಯ.

ಈಗ ಮೊದಲನೆಯ ಗುರಿಗೆ ಬರೋಣ. ಕಲಿಕೆಯ ಗುರಿ.

ಪ್ರಾಥಮಿಕ ಶಾಲೆಯಲ್ಲಿ ಕಲಿಸಬೇಕಾದದ್ದು ಬಹಳ ಇದೆ. ಗಣಿತ ಇದೆ, ಪರಿಸರ ಅಧ್ಯಯನ ಇದೆ, ಇಂಗ್ಲಿಷ್ ಇದೆ. ಒಂದನ್ನು ಮುಂದೆ ಇಟ್ಟುಕೊಳ್ಳಿ ಎಂದರೆ ನಾನು ಓದನ್ನು ಇಡುತ್ತೇನೆ. ಓದು ಬಂದ ಮಗು ಉಳಿದದ್ದನ್ನು ಹಿಡಿಯುತ್ತದೆ. ಓದು ಬಾರದ ಮಗುವಿಗೆ ಗಣಿತದ ಲೆಕ್ಕವೂ ಅರ್ಥವಾಗುವುದಿಲ್ಲ, ಯಾಕೆಂದರೆ ಲೆಕ್ಕವನ್ನೂ ಓದಿಯೇ ತಿಳಿಯಬೇಕು.

ದೇಶದ ಹಳ್ಳಿಗಳಲ್ಲಿ ಅಸರ್ ಎಂಬ ಸಮೀಕ್ಷೆ ನಡೆಯುತ್ತದೆ. ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುತ್ತಾರೆ. 2024ರಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಸುಮಾರು 27 ಮಕ್ಕಳಷ್ಟೇ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಿದರು. ಕೊರೋನಾ ಮುಗಿದ ಮೇಲೆ 2022ರಲ್ಲಿ ಅದು ಇಪ್ಪತ್ತರ ಹತ್ತಿರ ಇಳಿದಿತ್ತು. ಇದು ದೇಶದ ಲೆಕ್ಕ. ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಓದು ಗಟ್ಟಿಯಾಗದೆ ನಾಲ್ಕನೆಯ ತರಗತಿಗೆ ಹೋಗುತ್ತಿದ್ದಾರೆ.

ಸರ್ಕಾರವೂ ಗುರಿ ಇಟ್ಟಿದೆ. 2021ರ ಜುಲೈನಲ್ಲಿ ನಿಪುಣ್ ಭಾರತ್ ಯೋಜನೆ ಶುರುವಾಯಿತು. ಮೂರನೆಯ ತರಗತಿ ಮುಗಿಸುವ ಪ್ರತಿ ಮಗು ಅರ್ಥಮಾಡಿಕೊಂಡು ಓದಬೇಕು, ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎನ್ನುತ್ತದೆ ಅದು. ಇದು ದೇಶಕ್ಕೆ ಇಟ್ಟ ಗುರಿ. ಕನ್ನಡದ ಪದಗಳು ಉದ್ದ. ಪ್ರತ್ಯಯ ಸೇರಿ ಇನ್ನೂ ಉದ್ದವಾಗುತ್ತವೆ. ಆದ್ದರಿಂದ ವೇಗವನ್ನೇ ಅಳೆಯುತ್ತ ಕೂಡಬೇಡಿ. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳುತ್ತದೆಯೇ ನೋಡಿ.

ಊರಿನ ಗುರಿ ಊರಿನ ಮಾತಿನಲ್ಲಿರಬೇಕು. ಇಂಗಳೇಶ್ವರಕ್ಕೆ ನಾನು ಸೂಚಿಸುವ ಗುರಿ ಇದು: “ಬರುವ ಯುಗಾದಿಯೊಳಗೆ ನಮ್ಮೂರ ಮೂರನೆಯ ತರಗತಿಯ ಪ್ರತಿ ಮಗು ಶಿಲಾಮಂಟಪದ ಒಂದು ವಚನವನ್ನು ತಾನಾಗಿಯೇ ಓದಿ, ಅದರ ಅರ್ಥವನ್ನು ತನಗೆ ತಿಳಿದಂತೆ ಹೇಳಬೇಕು.”

ಈ ಗುರಿಯಲ್ಲಿ ಏನಿದೆ ಗಮನಿಸಿ. ಯಾರು ಎಂಬುದಿದೆ. ಏನು ಎಂಬುದಿದೆ. ಯಾವಾಗ ಎಂಬುದಿದೆ. ಅಜ್ಜಿಗೂ ಅರ್ಥವಾಗುತ್ತದೆ. ಆಯಿತೋ ಇಲ್ಲವೋ ಎಂದು ಊರೆಲ್ಲ ನೋಡಬಹುದು. “ಗುಣಮಟ್ಟ ಸುಧಾರಿಸುವುದು” ಎಂದು ಬರೆದರೆ ಯಾರು ಏನನ್ನು ಪರೀಕ್ಷಿಸಿಯಾರು?

ಗುರಿ ಬರೆದ ಮೇಲೆ ಮಗು ಈಗ ಎಲ್ಲಿದೆ ಎಂದು ತಿಳಿಯಬೇಕು. ಒಬ್ಬೊಬ್ಬ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಎರಡು ನಿಮಿಷ ಓದಿಸಿದರೆ ಸಾಕು. 30 ಮಕ್ಕಳಿಗೆ ಒಂದು ಗಂಟೆ. ಕನ್ನಡದ ಓದಿನಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ, ಆಮೇಲೆ ವಾಕ್ಯ, ಆಮೇಲೆ ಕಥೆ. ಬಹಳ ಮಕ್ಕಳು ನಿಲ್ಲುವುದು ಕಾಗುಣಿತದಲ್ಲಿ ಇಲ್ಲವೇ ಒತ್ತಕ್ಷರದಲ್ಲಿ. ಯಾವ ಮಗು ಎಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಇದಕ್ಕೆ ಬೇಕಾದ ವಿಧಾನವೂ ನಮ್ಮ ರಾಜ್ಯದಲ್ಲಿ ಬೆಳೆದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳಲ್ಲಿ ಕಂಡದ್ದನ್ನು ನಮ್ಮ ಶಿಕ್ಷಕರು ಇಲ್ಲಿಗೆ ಒಗ್ಗಿಸಿದರು. 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಕಲಿಕಾ ಏಣಿ, ಕಾರ್ಡು, ಗುಂಪು ತಟ್ಟೆ ಅದರ ಸಲಕರಣೆಗಳು. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಪಾಠ ಮುಗಿಸುವ ಅವಸರದಲ್ಲಿ ಮಗುವನ್ನು ಹಿಂದೆ ಬಿಡಬಾರದು ಎಂಬುದೇ ಅದರ ಜೀವಾಳ.

ತಾಂಡಾದ ಮಗುವಿನ ವಿಷಯ ಒಂದು ಮಾತು. ಅದು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಒಂದನೆಯ ತರಗತಿಯಲ್ಲಿ ಕನ್ನಡದ ಮಾತೂ ಹೊಸದು, ಅಕ್ಷರವೂ ಹೊಸದು. ಆ ಮಗು ದಡ್ಡ ಅಲ್ಲ. ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ. ಅದಕ್ಕೆ ಮೊದಲು ಮಾತು, ಹಾಡು, ಕಥೆ ಬೇಕು. ತಾಂಡಾದ ಹಿರಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಎರಡೂ ಭಾಷೆಯಲ್ಲಿ ಕಥೆ ಹೇಳಿದರೂ ದೊಡ್ಡ ಸಹಾಯ.

ಮೊದಲನೆಯ ಗುರಿಯ ಮಾತು ಇಲ್ಲಿಗೆ ನಿಲ್ಲಿಸೋಣ. ಓದು. ಹೆಸರು ಹಿಡಿದು, ಮೆಟ್ಟಿಲು ಹಿಡಿದು, ಯುಗಾದಿಯ ಗಡುವು ಹಾಕಿ. ಇನ್ನು ಎರಡನೆಯದು. ಶಾಲೆಯ ವಾತಾವರಣ.

ವಾತಾವರಣ ಅಂದರೆ ಗಿಡ ನೆಡುವುದು, ಗೋಡೆಗೆ ಚಿತ್ರ ಬರೆಸುವುದು ಎಂದು ನಾವು ತಿಳಿದಿದ್ದೇವೆ. ಅವೂ ಇರಲಿ. ಆದರೆ ಮಗುವಿಗೆ ವಾತಾವರಣ ಅಂದರೆ ಬೇರೆ. ಒಳಗೆ ಕಾಲಿಡುವಾಗ ಗುರುಗಳು ಹೆಸರು ಹಿಡಿದು ಕರೆಯುತ್ತಾರೋ, ಇಲ್ಲವೋ. ತಪ್ಪು ಓದಿದರೆ ಪಕ್ಕದವರು ನಗುತ್ತಾರೋ, ಇಲ್ಲವೋ. ಕೈಗೆ ಏಟು ಬೀಳುತ್ತದೋ, ಇಲ್ಲವೋ. ಶೌಚಾಲಯಕ್ಕೆ ಬೀಗ ಇದೆಯೋ, ನೀರಿದೆಯೋ. ಊಟಕ್ಕೆ ಕೂತಾಗ ಪಕ್ಕದವರು ಸರಿದು ಕೂಡುತ್ತಾರೋ, ಇಲ್ಲವೋ.

ಬೆಳಿಗ್ಗೆ ಮಗು ಮನೆಯಲ್ಲಿ ಹೇಳುತ್ತದೆ, “ಯವ್ವಾ, ನಾ ಇವತ್ತ ಸಾಲಿಗಿ ಹೋಗಂಗಿಲ್ಲ.” ನಾವು ಮೈಗಳ್ಳತನ ಅನ್ನುತ್ತೇವೆ. ಒಮ್ಮೆ ಕೂತು ಯಾಕೆ ಎಂದು ಕೇಳಿ ನೋಡಿ. ಬಹಳ ಸಲ ಉತ್ತರ ಭಯದಲ್ಲಿರುತ್ತದೆ, ಇಲ್ಲವೇ ಅವಮಾನದಲ್ಲಿರುತ್ತದೆ.

ಮಗುವನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಪ್ರಕಾರ ನಿಷಿದ್ಧ. ಅಡ್ಡಹೆಸರಿನಿಂದ ಕರೆಯುವುದೂ, ಜಾತಿ ಎತ್ತಿ ಆಡುವುದೂ ಮನಸ್ಸಿಗೆ ಕೊಡುವ ಹಿಂಸೆಯೇ. “ನಾಲ್ಕೇಟು ಹಾಕ್ರಿ ಗುರುಗಳ, ಕಲೀಲಿ” ಎಂದು ಹೇಳುವ ಪಾಲಕರು ಇನ್ನೂ ಇದ್ದಾರೆ. ದಯವಿಟ್ಟು ಆ ಮಾತನ್ನು ಬಿಡಿ. ಏಟಿನ ಭಯದಲ್ಲಿ ಮಗು ಬಾಯಿಪಾಠ ಒಪ್ಪಿಸಬಹುದು. ತಿಳಿಯದ್ದನ್ನು ಕೇಳುವ ಧೈರ್ಯ ಅದಕ್ಕೆ ಬರುವುದಿಲ್ಲ.

ಊಟದ ಪಂಗತಿಯನ್ನೂ ಇಲ್ಲಿ ನೆನೆಯಬೇಕು. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆ ವಿಜಯಪುರದ ಮಕ್ಕಳಿಗೂ ಮೊಟ್ಟೆ, ಬಾಳೆಹಣ್ಣು ಬಂದವು. ಈ ಊಟ ಹಸಿವನ್ನು ನೀಗಿಸುತ್ತದೆ. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಬೆರೆತು ಕೂತರೆ ಅದು ಪಾಠವೂ ಆಗುತ್ತದೆ. ಬಸವಣ್ಣನವರ ನೆಲದಲ್ಲಿ ಪಂಗತಿ ಭೇದ ಮಾಡುವ ಶಾಲೆ ಒಂದೂ ಇರಬಾರದು.

ಈ ತಾಲ್ಲೂಕಿಗೆ ಇಂಥ ಚಿಂತನೆ ಹೊಸದಲ್ಲ. ಹರ್ಡೇಕರ ಮಂಜಪ್ಪನವರನ್ನು ಕರ್ನಾಟಕದ ಗಾಂಧಿ ಎಂದು ಕರೆಯುತ್ತಿದ್ದರು. ಶಾಲಾ ಮಾಸ್ತರಿಕೆಯಿಂದ ಬದುಕು ಆರಂಭಿಸಿದವರು. 1920ರ ದಶಕದಲ್ಲಿ ಅವರು ಆಲಮಟ್ಟಿಗೆ ಬಂದು ವಿದ್ಯಾಲಯ ಕಟ್ಟಿದರು. ಆಲಮಟ್ಟಿ ಆಗ ಇದೇ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಪಾಠದಷ್ಟೇ ಬಾಳುವ ರೀತಿಯೂ ಶಾಲೆಯ ಹೊಣೆ ಎಂದು ನಂಬಿ ನಡೆದವರು ಅವರು.

ವಾತಾವರಣವನ್ನು ಅಳೆಯುವುದು ಹೇಗೆ? ಎರಡು ದಾರಿ ಇವೆ.

ಒಂದು, ಹಾಜರಿ ಪುಸ್ತಕ. ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ತಿಂಗಳಿಗೆ ನಾಲ್ಕು ದಿನ ತಪ್ಪಿಸಿದ ಮಗು ಹತ್ತು ತಿಂಗಳಲ್ಲಿ 40 ದಿನ ಕಳೆದುಕೊಳ್ಳುತ್ತದೆ. ವರ್ಷದ ಐದನೆಯ ಒಂದು ಪಾಲು ಹೋಯಿತು. ತಿಂಗಳಿಗೆ ನಾಲ್ಕು ದಿನ ನಮಗೆ ಸಣ್ಣದು ಅನ್ನಿಸುತ್ತದೆ. ಅದು ಸಣ್ಣದಲ್ಲ.

ಎರಡು, ಮಕ್ಕಳನ್ನೇ ಕೇಳುವುದು. ಶಾಲೆಯಲ್ಲಿ ನಿನಗೆ ಯಾವ ಜಾಗದಲ್ಲಿ ಭಯವಾಗುತ್ತದೆ? ತಿಳಿಯದಿದ್ದರೆ ಯಾರನ್ನು ಕೇಳುತ್ತೀ? ಊಟಕ್ಕೆ ಯಾರ ಜೊತೆ ಕೂಡುತ್ತೀ? ಈ ಮೂರು ಪ್ರಶ್ನೆ ಸಾಕು. ದೊಡ್ಡ ಮಕ್ಕಳು ಹೆಸರಿಲ್ಲದ ಚೀಟಿ ಬರೆದು ಸಲಹಾ ಪೆಟ್ಟಿಗೆಗೆ ಹಾಕಲಿ. ಸಣ್ಣವರನ್ನು ಅವರು ನಂಬುವ ಅಕ್ಕೋರು ಕೂರಿಸಿಕೊಂಡು ಕೇಳಲಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯೂ ಇದಕ್ಕೆಂದೇ ಇದೆ. ಮಗು ಅಪಾಯದಲ್ಲಿದೆ ಎಂದು ತಿಳಿದರೆ ಸಭೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098. ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಹಾಗಾದರೆ ಎರಡನೆಯ ಗುರಿಯನ್ನು ಹೀಗೆ ಬರೆಯೋಣ: “ಬರುವ ಯುಗಾದಿಯೊಳಗೆ ನಮ್ಮ ಶಾಲೆಗೆ ಹೆದರಿ ಯಾವ ಮಗುವೂ ಮನೆಯಲ್ಲಿ ಉಳಿಯಬಾರದು. ಕಾರಣವಿಲ್ಲದೆ ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ಯಾವ ಮಗುವೂ ಶಾಲೆ ತಪ್ಪಿಸಬಾರದು.”

ಈಗ ಎರಡೂ ಗುರಿ ನಮ್ಮ ಮುಂದಿವೆ. ಒಂದು ಓದು. ಇನ್ನೊಂದು ನಿರ್ಭಯ. ಇವನ್ನು ಒಂದೇ ಹಾಳೆಯಲ್ಲಿ ಯಾಕೆ ಬರೆಯಬೇಕು?

ಯಾಕೆಂದರೆ ಒಂದಿಲ್ಲದೆ ಇನ್ನೊಂದು ಆಗುವುದಿಲ್ಲ. ಹಿಂಗಾರಿ ಜೋಳ ಬಿತ್ತುವ ರೈತ ಮೊದಲು ನೆಲದ ಹದ ನೋಡುತ್ತಾನೆ. ಹದವಿಲ್ಲದ ನೆಲಕ್ಕೆ ಒಳ್ಳೆಯ ಬೀಜ ಹಾಕಿದರೂ ಮೊಳಕೆ ಏಳುವುದಿಲ್ಲ. ಹಾಗೆಯೇ ಬಿತ್ತದೆ ಬಿಟ್ಟರೆ ಹದವೂ ಆರಿಹೋಗುತ್ತದೆ. ಪ್ರೀತಿ ತುಂಬಿದ ಶಾಲೆಯಲ್ಲಿ ಓದು ಬಾರದೆ ಕೂತ ಮಗುವಿಗೆ ಒಂದು ದಿನ ನಾಚಿಕೆ ಹುಟ್ಟುತ್ತದೆ. ಆ ನಾಚಿಕೆಯೇ ಅದನ್ನು ಶಾಲೆ ಬಿಡಿಸುತ್ತದೆ. ಓದು ಬಂದ ದಿನ ಅದೇ ಮಗು ತಲೆ ಎತ್ತಿ ನಡೆಯುತ್ತದೆ.

ಗುರಿ ಎರಡು, ಹಾಳೆ ಒಂದು ಎಂದಾಯಿತು. ಕೊನೆಯದಾಗಿ, ಇದನ್ನು ವರ್ಷವಿಡೀ ನಡೆಸುವುದು ಹೇಗೆ?

ನಮ್ಮ ಕಾಲಮಾನಕ್ಕೆ ಹೊಂದಿಸಿಕೊಳ್ಳೋಣ. ಜೂನ್‌ನಲ್ಲಿ ಪ್ರತಿ ಮಗುವನ್ನು ಓದಿಸಿ ನೋಡಿ, ಮಕ್ಕಳ ಮಾತು ಕೇಳಿ, ಗುರಿ ಬರೆಯುವುದು. ದಸರಾ ರಜೆಯ ಮುಂಚೆ ಇನ್ನೊಮ್ಮೆ ಓದಿಸಿ ನೋಡುವುದು. ಎಷ್ಟು ಮಕ್ಕಳು ಮೆಟ್ಟಿಲು ಏರಿದರು, ಯಾರು ಅಲ್ಲೇ ನಿಂತರು ಎಂದು ಸಭೆಯಲ್ಲಿ ಹೇಳುವುದು. ದೀಪಾವಳಿ ಆದ ಮೇಲೆ ಎಚ್ಚರ ಹೆಚ್ಚಬೇಕು. ತೊಗರಿ ರಾಶಿ, ಜೋಳದ ಕೊಯ್ಲು, ಗುಳೆ, ಎಲ್ಲ ಬರುವ ಕಾಲ ಅದು. ಗುಳೆ ಹೊರಡುವ ಮನೆಗೆ ಮೊದಲೇ ಹೋಗಿ ಕೇಳಬೇಕು: ಮಗುವನ್ನು ಅಜ್ಜಿಯ ಬಳಿ ಬಿಡಬಹುದೇ? ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಸಿಗುತ್ತದೆಯೇ? ಸಂಕ್ರಾಂತಿಗೆ ಮೂರನೆಯ ಸಲ ನೋಡುವುದು. ಯುಗಾದಿಗೆ ಮಕ್ಕಳೊಂದಿಗೆ ಊರೇ ಕೂತು ಕೇಳುವುದು.

ಯಾರ ಕೆಲಸ ಏನು? ಶಿಕ್ಷಕರು ದಿನಕ್ಕೊಂದು ಗಂಟೆಯನ್ನು ಓದಿಗೆಂದೇ ಮೀಸಲಿಡಲಿ. ಹಿಂದುಳಿದ ಮಗುವಿನ ಪಕ್ಕ ಹೆಚ್ಚು ಹೊತ್ತು ಕೂಡಲಿ. ತಾಯಂದಿರು ಸಂಜೆ ಮಗುವಿನಿಂದ ಹತ್ತು ನಿಮಿಷ ಓದಿಸಿ ಕೇಳಲಿ. ನಿಮಗೆ ಓದಲು ಬಾರದಿದ್ದರೂ ಕೇಳಬಹುದು. ಮಗು ತಡೆದು ತಡೆದು ಓದುತ್ತಿದೆಯೋ ಸರಾಗವಾಗಿ ಓದುತ್ತಿದೆಯೋ ಎಂದು ಕಿವಿಗೇ ತಿಳಿಯುತ್ತದೆ. ಪಂಚಾಯಿತಿ ಶೌಚಾಲಯಕ್ಕೆ ನೀರು ಕೊಡಲಿ, ಗ್ರಂಥಾಲಯದ ಮಕ್ಕಳ ಪುಸ್ತಕಗಳನ್ನು ಕಪಾಟಿನಿಂದ ಹೊರಗೆ ತರಲಿ. ನಿವೃತ್ತ ಗುರುಗಳು, ಕಾಲೇಜಿಗೆ ಹೋಗುವ ಅಕ್ಕ ಅಣ್ಣಂದಿರು ವಾರಕ್ಕೊಂದು ಸಂಜೆ ಕೊಡಲಿ.

ಒಂದು ವಿನಂತಿ. ಈ ಗುರಿಯನ್ನು ಯಾರನ್ನೂ ದೂರಲು ಬಳಸಬೇಡಿ. ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳಿವೆ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಇವೆ. ಸಂಖ್ಯೆ ಕಡಿಮೆ ಬಂದರೆ ಬೈಯುತ್ತಾರೆ ಎಂಬ ಭಯ ಶಿಕ್ಷಕರಿಗೆ ಹುಟ್ಟಿತೋ, ನಿಜವಾದ ಸಂಖ್ಯೆ ಹಾಳೆಯ ಮೇಲೆ ಬರುವುದಿಲ್ಲ. ಮಕ್ಕಳಿಗೆ ಬೇಕಾದ ನಿರ್ಭಯ ಗುರುಗಳಿಗೂ ಬೇಕು. ಹತ್ತು ಮಕ್ಕಳಿಗೆ ಓದು ಬಂದಿಲ್ಲ ಎಂದು ಧೈರ್ಯವಾಗಿ ಹೇಳುವ ಶಿಕ್ಷಕರಿಗೆ ಊರು ಕೃತಜ್ಞವಾಗಿರಬೇಕು. ಆ ಹತ್ತು ಮಕ್ಕಳ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ಕೇಳುಗರೇ, ಹೇಳಿದ್ದನ್ನು ಒಟ್ಟು ಮಾಡುತ್ತೇನೆ. ಗುರಿ ಇಡುವ ಹಕ್ಕು ನಿಮ್ಮದು. ಗುರಿ ಎರಡೇ ಇರಲಿ, ಓದಿನದೊಂದು, ನಿರ್ಭಯದ್ದೊಂದು. ಮಗುವಿನ ಹೆಸರಿರಲಿ, ಗಡುವಿರಲಿ. ವರ್ಷಕ್ಕೆ ನಾಲ್ಕು ಸಲ ನೋಡಿ. ಯಾರನ್ನೂ ದೂರಬೇಡಿ. ಮುಂದಿನ ವರ್ಷ ಗಣಿತವನ್ನು ಎತ್ತಿಕೊಳ್ಳಿ.

ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆ ಮುಂದೆ ಯಾವ ದಿನ ಇದೆ ಎಂದು ನಾಳೆಯೇ ವಿಚಾರಿಸಿ. ಆ ದಿನ ಹೊಲದ ಕೆಲಸ ಅರ್ಧ ದಿನ ನಿಲ್ಲಿಸಿಯಾದರೂ ಹೋಗಿ. ಎರಡು ಪ್ರಶ್ನೆ ಕೇಳಿ. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ? ಶಾಲೆಗೆ ಬರಲು ಯಾರು ಹೆದರುತ್ತಿದ್ದಾರೆ? ಉತ್ತರ ಸಿಗುವವರೆಗೆ ಪ್ರತಿ ಸಭೆಯಲ್ಲೂ ಈ ಎರಡನ್ನೇ ಕೇಳಿ.